ಹತ್ತು ಶತಮಾನ ಬಡ್ಡಿ: ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ತರಗತಿಯ ಪ್ರಕರಣ

2024ರ ಓಣಂ ರಜೆಯಲ್ಲಿ ಎಂಟನೇ ಕ್ಲಾಸಿನ ಮಗಳ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಒಂದು ಪುಟದಲ್ಲಿ ಹೀಗೆ ಬರೆದಿತ್ತು: ‘6000 ರೂಪಾಯಿ. ವರ್ಷಕ್ಕೆ 10 ಶತಮಾನ ಬಡ್ಡಿ. 2 ವರ್ಷ.’ ಅದರ ಕೆಳಗೆ ಪೆನ್ಸಿಲಿನಲ್ಲಿ ‘10 ಶತಮಾನ = 1000 ವರ್ಷ’ ಎಂದು ಬರೆದು, ಪಕ್ಕಕ್ಕೆ ಪ್ರಶ್ನೆಚಿಹ್ನೆ ಹಾಕಿ, ಉಳಿದ ಪುಟವನ್ನು ಖಾಲಿ ಬಿಟ್ಟಿದ್ದಳು.

‘ಎಂತ ಮಗಾ ಇದು?’ ಎಂದು ಕೇಳಿದೆ.

‘ಸರ್ ಹೇಳಿದ್ದೇ ಹಾಗೆ ಅಪ್ಪ. ಪತ್ತು ಶತಮಾನಂ ಪಲಿಶ ಅಂತ. ಪಲಿಶ ಅಂದ್ರೆ ಬಡ್ಡಿ ಅಂತ ಪಕ್ಕದವಳು ಹೇಳಿದ್ಳು. ಶತಮಾನ ನಮಗೆ ಗೊತ್ತುಂಟಲ್ಲ.’

ಮಲಯಾಳದಲ್ಲಿ ‘ಶತಮಾನಂ’ ಎಂದರೆ ಶೇಕಡಾ. ನೂರು ವರ್ಷಕ್ಕೆ ಅವರು ‘ನೂಟ್ಟಾಂಡ್’ ಎನ್ನುತ್ತಾರೆ. ಹದಿಮೂರು ವರ್ಷದ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು? ಅವಳಿಗೆ ಶೇಕಡಾ ಲೆಕ್ಕ ಬರುತ್ತದೆ, ಬಡ್ಡಿ ಲೆಕ್ಕವೂ ಬರುತ್ತದೆ. ‘ಹತ್ತು ಶೇಕಡಾ’ ಎಂದು ನಾನು ಹೇಳಿದ ಕೂಡಲೇ 1200 ರೂಪಾಯಿ ಎಂದು ಬಾಯಲ್ಲೇ ಹೇಳಿಬಿಟ್ಟಳು. ಆ ಖಾಲಿ ಪುಟವೇ ನಾನು ಈ ಪ್ರಕರಣವನ್ನು ಬರೆದಿಡಲು ಕಾರಣ.

ಶಾಲೆಯ ಹೆಸರು ಹಾಕುವುದಿಲ್ಲ. ನಮ್ಮ ಮಕ್ಕಳು ಈಗಲೂ ಅಲ್ಲೇ ಕಲಿಯುತ್ತಿದ್ದಾರೆ. ಮಂಜೇಶ್ವರ ತಾಲ್ಲೂಕಿನ ಒಳಭಾಗದ ಸರಕಾರಿ ಹೈಸ್ಕೂಲು ಎಂದರೆ ಸಾಕು. ಸುತ್ತ ಅಡಿಕೆ ತೋಟ, ಗೇರುಗುಡ್ಡೆ. ಮಕ್ಕಳ ಮನೆಮಾತು ತುಳು, ಹವ್ಯಕ, ಮರಾಟಿ, ಕೊಂಕಣಿ, ಬ್ಯಾರಿ, ಅಲ್ಲಲ್ಲಿ ಮಲಯಾಳ. ಇಷ್ಟು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳುವುದು ಕನ್ನಡದಲ್ಲಿ. ನಾನು ಕಲಿತದ್ದೂ ಅಲ್ಲೇ, ನನ್ನ ತಂದೆ ಕಲಿತದ್ದೂ ಅಲ್ಲೇ. ತಂದೆ ಒಂದನೇ ಕ್ಲಾಸಿಗೆ ಸೇರುವಾಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಶಾಲೆ ಬಿಡುವಾಗ ಕೇರಳದಲ್ಲಿತ್ತು. 1956ರ ನವೆಂಬರ್ 1ರಂದು ಗಡಿ ಬದಲಾಯಿತು, ಕರಿಹಲಗೆಯ ಮೇಲಿನ ಅಕ್ಷರ ಬದಲಾಗಲಿಲ್ಲ. ಚಂದ್ರಗಿರಿ ಹೊಳೆಯ ಬಡಗು ದಡದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟದ್ದು, ಅದು ಜಾರಿಯಾಗದೆ ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದರ ನೋವು ನನಗೂ ಉಂಟು. ಆದರೆ ಇಲ್ಲಿ ಹೇಳುತ್ತಿರುವ ವಿಷಯಕ್ಕೆ ಗಡಿ ಬದಲಾಗಬೇಕಾಗಿಲ್ಲ, ಕೇರಳದ ಒಳಗೇ ಸರಿಯಾಗಬಹುದಾದ ವಿಷಯ ಇದು.

ನಮ್ಮಲ್ಲಿ ಪ್ರತಿ ಕ್ಲಾಸಿಗೆ ಎರಡು ಡಿವಿಷನ್, ಕನ್ನಡ ಮಾಧ್ಯಮ ಒಂದು, ಮಲಯಾಳ ಮಾಧ್ಯಮ ಇನ್ನೊಂದು. ಕನ್ನಡ ವಿಭಾಗದ ಗಣಿತ ಹುದ್ದೆ ಖಾಲಿಯಾಗಿ ಎರಡು ವರ್ಷ ದಿನಗೂಲಿಯ ಟೀಚರ್ ಒಬ್ಬರು ಕಲಿಸುತ್ತಿದ್ದರು. ಕನ್ನಡ ಮಾಧ್ಯಮದಲ್ಲೇ ಓದಿ, ಮಂಗಳೂರಿನ ಕಡೆ ಬಿಎಸ್ಸಿ, ಬಿಎಡ್ ಮಾಡಿದವರು. ಮಕ್ಕಳಿಗೆ ಅವರೆಂದರೆ ಪ್ರಾಣ. ಆದರೂ ದಿನಗೂಲಿ ಎಂದರೆ ಮಾರ್ಚಿಗೆ ಬಿಡುಗಡೆ, ಜೂನಿನಲ್ಲಿ ಮತ್ತೆ ಸಂದರ್ಶನ. ಹಾಗಾಗಿ ಖಾಯಂ ಮೇಷ್ಟ್ರು ಬೇಕೆಂದು ಪಿಟಿಎ (ಹೆತ್ತವರ-ಶಿಕ್ಷಕರ ಸಂಘ) ವತಿಯಿಂದ ಅರ್ಜಿ ಬರೆದವರು ನಾವೇ. ಅರ್ಜಿಯ ಕರಡು ನನ್ನ ಕೈಬರಹದಲ್ಲೇ ಉಂಟು.

2024ರ ಜುಲೈಯಲ್ಲಿ ಖಾಯಂ ಮೇಷ್ಟ್ರು ಬಂದರು. ಮೂವತ್ತರ ಆಸುಪಾಸಿನ ತರುಣ, ಊರು ತೆಂಕು ಕೇರಳದ ಒಂದು ಜಿಲ್ಲೆ. ಅವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ದಿನವೇ ಟೀಚರ್ ಕೈಚೀಲ ಹಿಡಿದು ಮನೆಗೆ ಹೋದರು. ನಿಯಮ ಇರುವುದೇ ಹಾಗೆ: ಖಾಲಿ ಹುದ್ದೆ ಇದ್ದರೆ ಮಾತ್ರ ದಿನಗೂಲಿ, ತುಂಬಿದರೆ ಇಲ್ಲ. ಕನ್ನಡ ಬಲ್ಲವರು ಹೋದರು, ಕನ್ನಡ ಬಾರದವರು ಬಂದರು. ಕಾಗದದ ಮೇಲೆ ಮಾತ್ರ ನಮ್ಮ ಶಾಲೆಯ ಕೊರತೆ ನೀಗಿತು.

ಇಲ್ಲಿ ನೇಮಕಾತಿಯ ಕ್ರಮವನ್ನು ಸ್ವಲ್ಪ ಹೇಳಬೇಕು. ಕೇರಳದಲ್ಲಿ ಸರಕಾರಿ ಹೈಸ್ಕೂಲು ಶಿಕ್ಷಕರನ್ನು ಆರಿಸುವುದು ಲೋಕಸೇವಾ ಆಯೋಗ. ಕನ್ನಡ ಮಾಧ್ಯಮದ ಹುದ್ದೆಗೆ ಬೇರೆಯೇ ಅಧಿಸೂಚನೆ, ಬೇರೆಯೇ ರ‍್ಯಾಂಕ್ ಪಟ್ಟಿ. ವಿಷಯದಲ್ಲಿ ಪದವಿ, ಬಿಎಡ್, ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಬೇಕು. ಜೊತೆಗೆ ಕನ್ನಡ ಗೊತ್ತಿರಬೇಕು. ಈ ‘ಗೊತ್ತಿರಬೇಕು’ ಎಂಬ ಮಾತಿಗೆ ಎಷ್ಟು ತೂಕ ಎಂಬುದೇ ಇಡೀ ತಕರಾರು. ನಮ್ಮ ಮೇಷ್ಟ್ರು ಸುಳ್ಳು ಹೇಳಿ ಪಟ್ಟಿಗೆ ಸೇರಿದವರಲ್ಲ. ಅಕ್ಷರ ಕಲಿತಿದ್ದರು, ಕೂಡಿಸಿ ಕೂಡಿಸಿ ಓದುತ್ತಿದ್ದರು, ಹೆಸರು ಊರು ಕೇಳಿದರೆ ಕನ್ನಡದಲ್ಲಿ ಉತ್ತರ ಹೇಳುತ್ತಿದ್ದರು. ಅಷ್ಟರಿಂದ ಅರ್ಹತೆಯ ಕಲಮು ಭರ್ತಿಯಾಗುತ್ತದೆ. ಆದರೆ ಎಂಟನೇ ಕ್ಲಾಸಿನ ಮಗು ‘ಇದು ಯಾಕೆ ಹೀಗೆ?’ ಎಂದು ಕೇಳಿದಾಗ ಇನ್ನೊಂದು ರೀತಿಯಲ್ಲಿ, ಮತ್ತೂ ಅರ್ಥವಾಗದಿದ್ದರೆ ಮೂರನೆಯ ರೀತಿಯಲ್ಲಿ ಹೇಳಿಕೊಡುವಷ್ಟು ಭಾಷೆ ಅದರಿಂದ ಬರುವುದಿಲ್ಲ.

ಹೆಡ್‌ಮಾಷ್ಟ್ರ ಒಪ್ಪಿಗೆ ಪಡೆದು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತೆ. ಪಾಠ ಚತುರ್ಭುಜಗಳ ವಿಸ್ತೀರ್ಣ. ಮೇಷ್ಟ್ರು ಪುಸ್ತಕದಿಂದ ಒಂದು ವಾಕ್ಯ ಓದಿದರು. ‘ವಿ-ಸ್ತೀ-ರ್ಣ’ ಎಂದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುವಾಗ ಅವರ ಹಣೆಯಲ್ಲಿ ಬೆವರು. ಆಮೇಲೆ ಪುಸ್ತಕ ಮುಚ್ಚಿ ಮಲಯಾಳದಲ್ಲಿ ವಿವರಿಸತೊಡಗಿದರು. ಆಗ ಅವರೇ ಬೇರೆ. ಕೈ ಓಡಿತು, ಚಿತ್ರ ಚಂದ ಬಂತು, ದನಿ ಏರಿತು. ನನಗೆ ಮಲಯಾಳ ಬರುತ್ತದೆ. ಒಳ್ಳೆಯ ಪಾಠ ಅದು, ನಿಜಕ್ಕೂ ಒಳ್ಳೆಯ ಪಾಠ. ಆದರೆ ಅವರು ‘ಚತುರಂ’ ಎಂದಾಗ ಮಕ್ಕಳ ಮುಖ ನೋಡಿದೆ. ಮಲಯಾಳದ ಚತುರಂ ನಮ್ಮ ಆಯತ. ನಮ್ಮಲ್ಲಿ ಚತುರ ಎಂದರೆ ಜಾಣ. ‘ವಶಂ’ ಎಂದರು. ಅದು ನಮ್ಮ ಬಾಹು. ಮಕ್ಕಳಿಗೆ ಗೊತ್ತಿರುವ ವಶ ‘ಪೊಲೀಸರ ವಶ’. ಪರಪ್ಪಳವ್ ಎಂದರೆ ವಿಸ್ತೀರ್ಣ, ಅಂಶಬಂಧಂ ಎಂದರೆ ಅನುಪಾತ, ಆರಂ ಎಂದರೆ ತ್ರಿಜ್ಯ, ಸಮವಾಕ್ಯಂ ಎಂದರೆ ಸಮೀಕರಣ. ಏನೂ ಅರ್ಥವಾಗದ ಶಬ್ದವಾದರೆ ಮಗು ಕೇಳುತ್ತದೆ. ಅರ್ಧ ಪರಿಚಯದ ಶಬ್ದವಾದರೆ ಗೊತ್ತುಂಟೆಂದು ತಿಳಿದು ಬರೆದುಕೊಳ್ಳುತ್ತದೆ. ನನ್ನ ಮಗಳ ಹತ್ತು ಶತಮಾನ ಹುಟ್ಟಿದ್ದು ಅಲ್ಲಿ.

ಪೀರಿಯಡ್ ಮುಗಿಯುವವರೆಗೆ ಒಂದು ಮಗುವೂ ಪ್ರಶ್ನೆ ಕೇಳಲಿಲ್ಲ. ಬೋರ್ಡಿನಲ್ಲಿದ್ದದ್ದನ್ನು ಎಲ್ಲರೂ ಚೊಕ್ಕವಾಗಿ ನಕಲು ಮಾಡಿಕೊಂಡರು. ಪುಸ್ತಕ ತಿದ್ದುವವರಿಗೆ ಅದರಲ್ಲಿ ಒಂದು ತಪ್ಪೂ ಸಿಗಲಾರದು.

‘ನಿಮ್ಮ ಮಕ್ಕಳಿಗೆ ಮಲಯಾಳ ಬರುತ್ತದಲ್ಲ, ಬಸ್ಸಿನಲ್ಲಿ ಅಂಗಡಿಯಲ್ಲಿ ಮಾತಾಡುವುದಿಲ್ಲವೇ?’ ಎಂದು ತುಂಬ ಜನ ಕೇಳಿದ್ದಾರೆ. ಮೇಲಿನ ಕಚೇರಿಯಲ್ಲೂ ಕೇಳಿದರು. ಮೀನಿನ ಕ್ರಯ ಕೇಳುವಷ್ಟು, ಬಸ್ಸಿನಲ್ಲಿ ಚಿಲ್ಲರೆ ಕೇಳುವಷ್ಟು ಮಲಯಾಳ ಕೆಲವರಿಗೆ ಬರುತ್ತದೆ ನಿಜ. ಕುಂಬಳೆ, ಉಪ್ಪಳದ ಪೇಟೆಯ ಮಕ್ಕಳಿಗೆ ಇನ್ನೂ ಹೆಚ್ಚು ಬರುತ್ತದೆ. ಎಣ್ಮಕಜೆ, ವರ್ಕಾಡಿ, ಮೀಂಜದ ಒಳಮನೆಗಳ ಮಕ್ಕಳಿಗೆ ಅಷ್ಟೂ ಬರುವುದಿಲ್ಲ. ಬಂದರೂ ಅದು ಪೇಟೆಯ ಮಾತು. ಅವರ ಪಠ್ಯಪುಸ್ತಕ ಕನ್ನಡದಲ್ಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಉತ್ತರ ಬರೆಯಬೇಕಾದದ್ದು ಕನ್ನಡದಲ್ಲಿ. ಕಲಿಸುವ ಮಾತು ಮಾತ್ರ ಬೇರೆ.

ಓಣಂ ರಜೆಗೆ ಮುಂಚೆ ನಡೆಯುವ ಓಣಂ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರು. ಆ ವರ್ಷವೇ ಕೇರಳ ಸರಕಾರ ಎಂಟನೇ ಕ್ಲಾಸಿಗೆ ಹೊಸ ಕ್ರಮ ತಂದಿತ್ತು: ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ 30 ಶೇಕಡಾ ಅಂಕ ಬೇಕು, ಸಿಗದವರಿಗೆ ವಿಶೇಷ ತರಗತಿ ಮತ್ತು ಮರುಪರೀಕ್ಷೆ. ಮುಂದಿನ ವರ್ಷ ಒಂಬತ್ತಕ್ಕೆ, ಅದರ ಮುಂದಿನ ವರ್ಷ ಹತ್ತಕ್ಕೆ ಎಂಬ ತೀರ್ಮಾನ. ಇದರ ಬಗ್ಗೆ ಕೇರಳದಲ್ಲಿ ದೊಡ್ಡ ಚರ್ಚೆಯಾಯಿತು. ಬಡ ಮಕ್ಕಳನ್ನು ಹೊರಗೆ ಹಾಕುವ ದಾರಿ ಇದು ಎಂದು ಕೆಲವು ಶಿಕ್ಷಣ ಕಾರ್ಯಕರ್ತರು ಹೇಳಿದರು; ಎಲ್ಲರನ್ನೂ ದಾಟಿಸಿ ಹತ್ತನೆಯಲ್ಲಿ ಕೈಬಿಡುವುದೇ ಹೆಚ್ಚು ಅನ್ಯಾಯ ಎಂದು ಸರಕಾರದ ಕಡೆಯವರು ಹೇಳಿದರು. ನಾನು ಎರಡನೆಯವರ ಪಕ್ಷ. ಕನಿಷ್ಠ ಮಟ್ಟ ಬೇಕು, ಮಗು ಕಲಿಯದಿದ್ದರೆ ಆ ವರ್ಷವೇ ಗೊತ್ತಾಗಬೇಕು. ಆದರೆ ಆ 30 ಶೇಕಡಾ ಅಳೆದದ್ದು ನಮ್ಮ ಮಕ್ಕಳು ಕಲಿತ ಗಣಿತವನ್ನಲ್ಲ. ಕಲಿಸಿದವರ ಮಾತಿಗೂ ಕಲಿತವರ ಮಾತಿಗೂ ನಡುವೆ ಇದ್ದ ದೂರವನ್ನು ಅದು ಅಳೆದು ಮಕ್ಕಳ ಲೆಕ್ಕಕ್ಕೆ ಹಾಕಿತು.

ಕನ್ನಡ ಬಲ್ಲ ಮೇಷ್ಟ್ರು ಬೇಕೆಂದು ಮತ್ತೆ ಅರ್ಜಿ ಬರೆದೆವು. ಕನ್ನಡದಲ್ಲೇ ಬರೆದೆವು. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಮಗೆ ಬಂದ ಉತ್ತರ ಮಲಯಾಳದಲ್ಲಿತ್ತು. ಸಾರಾಂಶ ಇಷ್ಟೇ: ಈ ಶಾಲೆಯಲ್ಲಿ ಕನ್ನಡ ಮಾಧ್ಯಮ ಗಣಿತ ಹುದ್ದೆ ಖಾಲಿ ಇಲ್ಲ. ಅದು ಸುಳ್ಳಲ್ಲ. ಅದಕ್ಕೇ ಅದರ ವಿರುದ್ಧ ವಾದ ಮಾಡುವುದು ಕಷ್ಟವಾಯಿತು.

ಹೆತ್ತವರ ಸಭೆ ಗದ್ದಲದಲ್ಲಿ ನಡೆಯಿತು. ಗೇಟಿಗೆ ಬೀಗ ಹಾಕಬೇಕೆಂದರು ಕೆಲವರು. ಹೈಕೋರ್ಟಿಗೆ ಹೋಗೋಣ ಎಂದರು ಇನ್ನು ಕೆಲವರು. ಇಂಥ ನೇಮಕಾತಿಯ ತಕರಾರುಗಳು ಜಿಲ್ಲೆಯ ಬೇರೆ ಶಾಲೆಗಳಿಂದ ಮೊದಲೂ ಎರ್ನಾಕುಳದ ಕೋರ್ಟಿಗೆ ಹೋದದ್ದುಂಟು. ಆದರೆ ಬೀಡಿ ಕಟ್ಟುವ ಅಮ್ಮಂದಿರು, ಕೂಲಿಗೆ ಹೋಗುವ ಅಪ್ಪಂದಿರು ಎರ್ನಾಕುಳಕ್ಕೆ ಎಷ್ಟು ಸಲ ಹೋಗಿ ಬರಲಾದೀತು? ಹಿಂದಿನ ಸಾಲಿನಿಂದ ಒಬ್ಬರು ಎದ್ದು, ‘ನೀವು ಹೋರಾಟ ಮಾಡಿ ಮಾರಾಯ್ರೆ, ನಾನು ಮಗನ ಟಿಸಿ ತೆಗೀತೇನೆ. ಅವನಿಗೆ ಎಂಟನೇ ಕ್ಲಾಸು ಒಂದೇ ಸಲ ಬರುವುದು’ ಎಂದರು. ಸಭೆ ಒಮ್ಮೆ ಸುಮ್ಮನಾಯಿತು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಇವತ್ತಿಗೂ ಆಗುವುದಿಲ್ಲ.

ಕೊನೆಗೆ ಒಂದು ಬೆಳಗ್ಗೆ ಗೇಟಿನೆದುರು ಕೂತೆವು. ಯಾರ ವಿರುದ್ಧವೂ ಘೋಷಣೆ ಕೂಗಬಾರದು, ಮೇಷ್ಟ್ರ ಹೆಸರು ಎತ್ತಬಾರದು ಎಂದು ಮೊದಲೇ ಮಾತಾಗಿತ್ತು. ಇದನ್ನು ಮಲಯಾಳಿ-ಕನ್ನಡಿಗ ಜಗಳ ಮಾಡಲು ಬಂದ ಒಂದಿಬ್ಬರನ್ನು ಹಿಂದೆ ಕಳಿಸಿದೆವು. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ಕಾಸರಗೋಡಿನಲ್ಲಿ ನಡೆದ ಹೋರಾಟಕ್ಕೆ ನಾನೂ ಹೋದವ. ಅದು ಭಾಷೆಯ ಹಕ್ಕಿನ ಪ್ರಶ್ನೆಯಾಗಿತ್ತು, ಬೀದಿಗೆ ಇಳಿಯಲೇಬೇಕಿತ್ತು. ಇಲ್ಲಿ ಎದುರಿಗೆ ಇದ್ದದ್ದು ಮನೆ ಬಿಟ್ಟು ದೂರ ಬಂದ ಒಬ್ಬ ತರುಣ. ಅವರು ಆಫೀಸಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು.

ಮಧ್ಯಾಹ್ನ ನಾನೇ ಹೋಗಿ ಮಾತಾಡಿಸಿದೆ. ಮಲಯಾಳದಲ್ಲೇ ಹೇಳಿದರು: ‘ಚೇಟ್ಟಾ, ಈ ಕೆಲಸಕ್ಕೆ ಆರು ವರ್ಷ ಕಾದಿದ್ದೇನೆ. ಬಿಟ್ಟರೆ ಮತ್ತೆ ಸಿಗುವುದಿಲ್ಲ. ಆದರೆ ನಾನು ಆ ಕ್ಲಾಸಿಗೆ ಹೋಗುವಾಗ ಮಕ್ಕಳು ನನ್ನನ್ನು ನೋಡುವ ರೀತಿ ಉಂಟಲ್ಲ, ರಾತ್ರಿ ನಿದ್ದೆ ಬರುವುದಿಲ್ಲ.’ ಆಮೇಲೆ ಕಿಸೆಯಿಂದ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಯಾವುದೋ ಹುಡುಗಿಯ ಪುಸ್ತಕದ ಕೊನೆಯ ಪುಟ. ಎರಡು ಸಾಲು ಎಳೆದು ಎಡಕ್ಕೆ ಅವರ ಶಬ್ದ, ಬಲಕ್ಕೆ ನಮ್ಮ ಶಬ್ದ: ಸಮವಾಕ್ಯಂ, ಸಮೀಕರಣ; ಚತುರಂ, ಆಯತ; ವಶಂ, ಬಾಹು. ಮಕ್ಕಳು ಪರಸ್ಪರ ಕೇಳಿ ಮಾಡಿಕೊಂಡ ಪಟ್ಟಿ. ಅದನ್ನು ನೋಡಿ ಅವರೇ ಫೋಟೋ ಹಿಡಿದು ದಿನಾ ಬೆಳಗ್ಗೆ ಓದಿಕೊಂಡು ಬರುತ್ತಿದ್ದರಂತೆ. ಅಕ್ಷರ ನನ್ನ ಮಗಳದ್ದು. ಕೊನೆಯ ಸಾಲಿನಲ್ಲಿ ‘ಶತಮಾನಂ, ಶೇಕಡಾ’ ಎಂದು ಹೊಸ ಶಾಯಿಯಲ್ಲಿ ಸೇರಿಸಿದ್ದಳು.

ಅಲ್ಲಿಂದ ಮುಂದೆ ಆದದ್ದನ್ನು ಬೇಗ ಹೇಳುತ್ತೇನೆ. ಶಾಲೆಯೊಳಗೇ ಒಂದು ಹೊಂದಾಣಿಕೆಯಾಯಿತು. ಮೇಷ್ಟ್ರು ಮಲಯಾಳ ಡಿವಿಷನ್‌ಗಳ ಹೆಚ್ಚಿನ ಪೀರಿಯಡ್ ತೆಗೆದುಕೊಂಡರು. ಕನ್ನಡ ಡಿವಿಷನ್‌ಗೆ ಹಳೆಯ ಟೀಚರ್ ಶನಿವಾರ ಮತ್ತು ಸಂಜೆ ಬಂದರು. ಸಂಬಳ ಪಿಟಿಎ ಕೊಟ್ಟಿತು, ಎಂದರೆ ನಾವು. ತಿಂಗಳಿಗೆ ಮನೆಗೆ ನೂರು ರೂಪಾಯಿ. ಕೊಡಲಾಗದವರದ್ದನ್ನು ಬೇರೆಯವರು ಹಾಕಿದರು. ಸರಕಾರಿ ಶಾಲೆಯಲ್ಲಿ ಸರಕಾರ ಸಂಬಳ ಕೊಡುವ ಹುದ್ದೆ ಇರುವಾಗ, ಅದೇ ವಿಷಯ ಕಲಿಸಲು ಬೀಡಿ ಕಟ್ಟುವವರು ದುಡ್ಡು ಹಾಕಬೇಕಾಗಿ ಬಂತು. ಆದರೂ ವಾರ್ಷಿಕ ಪರೀಕ್ಷೆಯಲ್ಲಿ ಕೆಲವರು ಮೂವತ್ತು ಮುಟ್ಟಲಿಲ್ಲ. ಏಪ್ರಿಲ್‌ನ ವಿಶೇಷ ತರಗತಿಗೂ ಟೀಚರೇ ಬಂದರು, ಮರುಪರೀಕ್ಷೆಯಲ್ಲಿ ಬಹುತೇಕರು ದಾಟಿದರು.

ಇದು ಇಲ್ಲಿಗೆ ಹೇಗೆ ಬಂತೆಂದು ಹಿಂದಕ್ಕೆ ಹೋಗಿ ನೋಡಿದರೆ ನನಗೆ ಕಾಣುವುದು ಹೀಗೆ. ಪ್ರಾಥಮಿಕ ತರಗತಿಗಳಲ್ಲಿ ಈ ತೊಂದರೆ ಕಡಿಮೆ. ಮಾಯಿಪ್ಪಾಡಿಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಕನ್ನಡದಲ್ಲೇ ತರಬೇತಾದವರು ಅಲ್ಲಿಗೆ ಬರುತ್ತಾರೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕೊಡಬೇಕೆನ್ನುವುದೂ ಪ್ರಾಥಮಿಕ ಹಂತಕ್ಕೆ ಮಾತ್ರ. ಶಿಕ್ಷಣ ಹಕ್ಕು ಕಾನೂನು ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ, ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತನ್ನು ಸೇರಿಸಿಯೇ. ಅದೂ ಎಂಟನೇ ಕ್ಲಾಸಿಗೆ ಮುಗಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದರವರೆಗೆ, ಸಾಧ್ಯವಾದರೆ ಎಂಟರವರೆಗೆ ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ಆ ನೀತಿಯ ವಿಷಯದಲ್ಲಿ ಕೇಂದ್ರಕ್ಕೂ ಕೇರಳಕ್ಕೂ ಬೇಕಾದಷ್ಟು ಜಗಳ ಉಂಟು, ಆದರೆ ಮಾತೃಭಾಷೆಯಲ್ಲಿ ಕಲಿತರೆ ಮಗುವಿಗೆ ಒಳ್ಳೆಯದೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಬೀಜಗಣಿತ, ರೇಖಾಗಣಿತ ಗಟ್ಟಿಯಾಗುವ ಎಂಟು, ಒಂಬತ್ತು, ಹತ್ತಕ್ಕೆ ಬರುವಾಗ ಎಲ್ಲ ಮಾತೂ ತೆಳುವಾಗುತ್ತದೆ.

ಇನ್ನೊಂದು ಗಂಟು ನಮ್ಮವರದ್ದೇ ಅರ್ಹತೆಯದ್ದು. ಗಡಿನಾಡಿನ ಕನ್ನಡ ಮಕ್ಕಳು ಹನ್ನೆರಡು ಮುಗಿಸಿ ಹತ್ತಿರದ ಮಂಗಳೂರು, ಪುತ್ತೂರಿಗೆ ಹೋಗುತ್ತಾರೆ. ಅಲ್ಲಿನ ಪದವಿ ಕೇರಳದಲ್ಲಿ ನಡೆಯಬೇಕಾದರೆ ಅದು ಇಲ್ಲಿನ ಪದವಿಗೆ ಸಮ ಎನ್ನುವ ತತ್ಸಮಾನ ಪ್ರಮಾಣಪತ್ರ ಬೇಕು. ನಮ್ಮ ಟೀಚರ್ ಅದಕ್ಕಾಗಿ ಓಡಾಡುತ್ತಿರುವಾಗಲೇ ಅಧಿಸೂಚನೆಯ ಕೊನೆಯ ದಿನ ದಾಟಿತ್ತು. ಕನ್ನಡದಲ್ಲಿ ಗಣಿತ ಕಲಿಸಬಲ್ಲವರು ಪಟ್ಟಿಯ ಹೊರಗೆ ಉಳಿದರು, ಕಲಿಸಲಾಗದವರು ಒಳಗೆ ಬಂದರು, ಇಬ್ಬರೂ ನಿಯಮ ಪಾಲಿಸಿದವರೇ. ಈ ಜಿಲ್ಲೆಯಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಕನ್ನಡ ಬಲ್ಲ ಮೇಷ್ಟ್ರುಗಳಿಗೆ ಈ ಮಣ್ಣಿನಲ್ಲಿ ಬರ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ನಾವು ಈಗ ಕೇಳುತ್ತಿರುವುದು ದೊಡ್ಡದೇನಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಆರಿಸುವಾಗ ಅಭ್ಯರ್ಥಿಯ ಕೈಗೆ ಎಂಟನೇ ಕ್ಲಾಸಿನ ಪುಸ್ತಕ ಕೊಟ್ಟು, ಕನ್ನಡದಲ್ಲಿ ಒಂದು ಪಾಠ ಮಾಡಿಸಿ ನೋಡಲಿ. ಕನ್ನಡ ಬಾರದವರು ನೇಮಕವಾಗಿದ್ದರೆ, ಅವರು ಕಲಿತು ಬರುವವರೆಗೆ ಆ ತರಗತಿಯ ಮಟ್ಟಿಗೆ ಹುದ್ದೆ ಖಾಲಿ ಎಂದೇ ಲೆಕ್ಕ ಹಿಡಿದು ದಿನಗೂಲಿಯವರನ್ನು ಉಳಿಸಿಕೊಳ್ಳಲಿ. ತತ್ಸಮಾನ ಪತ್ರಕ್ಕೆ ಕಾಸರಗೋಡಿನಲ್ಲೇ ಒಂದು ಕಿಟಕಿ ತೆರೆಯಲಿ.

2025ರ ಜೂನಿನಲ್ಲಿ ಶಾಲೆ ಶುರುವಾಯಿತು. ಆರನೇ ಕೆಲಸದ ದಿನದ ತಲೆಲೆಕ್ಕದ ಮೇಲೆ ಡಿವಿಷನ್ ಉಳಿಯುವುದು, ಹೋಗುವುದು ನಿಂತಿದೆ. ಆ ದಿನ ಮಗಳ ಕ್ಲಾಸಿನಲ್ಲಿ ನಾಲ್ಕು ಜಾಗ ಖಾಲಿಯಾಗಿತ್ತು, ಅದರಲ್ಲಿ ಒಂದು ಸಭೆಯಲ್ಲಿ ಎದ್ದು ಮಾತಾಡಿದವರ ಮಗನದ್ದು. ಡಿವಿಷನ್ ಸದ್ಯ ಉಳಿದಿದೆ. ಮೇಷ್ಟ್ರು ತಾವಾಗಿಯೇ ಕೇಳಿಕೊಂಡು ಮೈಸೂರಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ, ಶಿಕ್ಷಕರಿಗೆ ನಡೆಯುವ ಹತ್ತು ತಿಂಗಳ ಕನ್ನಡ ತರಬೇತಿಗೆ ಹೋದರು. ಹೋಗುವ ಮುಂಚೆ ಮಕ್ಕಳಿಗೆಲ್ಲ ಮಿಠಾಯಿ ಹಂಚಿ, ‘ನಾನು ಕಲಿತು ಬರುತ್ತೇನೆ, ನೀವೂ ಕಲಿಯಿರಿ’ ಎಂದು ಕನ್ನಡದಲ್ಲೇ ಹೇಳಿದರಂತೆ. ಅವರು ಇಲ್ಲದಿರುವ ಅವಧಿಗೆ ದಿನಗೂಲಿ ನೇಮಕಾತಿಗೆ ಅವಕಾಶವಾಯಿತು, ಟೀಚರ್ ಮತ್ತೆ ಬಂದರು. ಅವರ ಆದೇಶದ ಪ್ರತಿಯನ್ನು ನಾನು ನೋಡಿದ್ದೇನೆ. ‘ಮಾರ್ಚ್ 31ರವರೆಗೆ ಅಥವಾ ಖಾಯಂ ಶಿಕ್ಷಕರು ಹಾಜರಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ’ ಎಂದು ಬರೆದಿದೆ.